ಹದಿನೇಳನೆಯ ಮನೆ

ಒಂದು ಕೆಲಸ ತಪ್ಪಿಸಿಕೊಳ್ಳಲು ಮನುಷ್ಯ ಪಡುವ ಪಾಡಿನಲ್ಲಿ ಕಾಲುಭಾಗವನ್ನು ಆ ಕೆಲಸಕ್ಕೇ ಪಟ್ಟಿದ್ದರೆ ಅದು ಎಂದೋ ಮುಗಿದಿರುತ್ತಿತ್ತು. ಈ ಮಾತು ಹಿರಿಯರಿಗೂ ಗೊತ್ತಿತ್ತು, ಕಿರಿಯರಿಗೂ ಗೊತ್ತಿದೆ. ಗೊತ್ತಿದ್ದೂ ಯಾರೂ ಹಾಗೆ ಮಾಡುವುದಿಲ್ಲ. ಮಾಡಿದ್ದರೆ ಲೋಕದಲ್ಲಿ ಯಂತ್ರಗಳೂ ಹುಟ್ಟುತ್ತಿರಲಿಲ್ಲ, ಕಥೆಗಳೂ ಹುಟ್ಟುತ್ತಿರಲಿಲ್ಲ. ಭಗವಂತ ಬಹಳ ಯೋಚನೆ ಮಾಡಿಯೇ ಸೋಮಾರಿತನವೊಂದನ್ನು ಎಲ್ಲರಿಗೂ ಸಮನಾಗಿ ಹಂಚಿದ್ದಾನೆ.

ನಮ್ಮ ಕಾರ್ಯದರ್ಶಿಗಳು ತಪ್ಪಿಸಿಕೊಳ್ಳಬೇಕಾಗಿದ್ದ ಕೆಲಸ ನಡಾವಳಿ ಬರೆಯುವುದು.

ಕಾರ್ಯದರ್ಶಿಗಳೆಂದರೆ ದೊಡ್ಡ ಕಚೇರಿಯವರೇನಲ್ಲ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಚೌಕಟ್ಟಿಗೆ ಗಾಜು ಕೂರಿಸುವವರು. ಅವರಿದ್ದ ಕಟ್ಟಡಕ್ಕೆ ನಾಲ್ಕು ಅಂತಸ್ತು, ಹದಿನಾರು ಮನೆ, ಒಂದು ಲಿಫ್ಟು, ಗೇಟಿನ ಪಕ್ಕ ಒಂದು ಮರ, ಮರದ ಬುಡದಲ್ಲಿ ಒಂದು ಕಲ್ಲುಬೆಂಚು. ಹದಿನಾರು ಮನೆಗೂ ಸೇರಿ ಒಂದು ಸಂಘ. ಸಂಘಕ್ಕೆ ಕಾರ್ಯದರ್ಶಿ ಬೇಕೆಂದು ಎಲ್ಲರೂ ಮುಖ ಮುಖ ನೋಡಿಕೊಂಡ ದಿನ ಇವರು ತಲೆ ಬಗ್ಗಿಸಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದರು.

ಸಂಘದ ಅಧ್ಯಕ್ಷರು ನೆಲದ ಮಟ್ಟದ ಮನೆಯವರು. ಮೂವತ್ತನಾಲ್ಕು ವರ್ಷ ಸರಕಾರದ ಭೂಮಿ ಅಳೆದು ನಿವೃತ್ತರಾದವರು. ಅಳೆಯುವ ಟೇಪು ಇನ್ನೂ ಜೇಬಿನಲ್ಲೇ ಇರುತ್ತಿತ್ತು. ಅವರದು ಒಂದೇ ನಿಯಮ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಒಪ್ಪದೆ ಈ ಸಭೆಯಲ್ಲಿ ಹೊಸ ವಿಷಯ ಎತ್ತುವಂತಿಲ್ಲ.

ನಡಾವಳಿ ಇದ್ದರಲ್ಲವೇ ಓದುವುದು? ಕಾರ್ಯದರ್ಶಿಗಳು ಪೆನ್ನು ಹಿಡಿದು ಕೂತರೆ ತಲೆ ಗುಡಿಸಿದ ಅಂಗಳದಂತಾಗುತ್ತಿತ್ತು. ಎಂಟು ತಿಂಗಳಲ್ಲಿ ಅವರು ನಡಾವಳಿ ಪುಸ್ತಕದಲ್ಲಿ ಬರೆದದ್ದು 'ದಿನಾಂಕ' ಎಂಬ ಒಂದು ಪದ. ದಿನಾಂಕವನ್ನು ಬರೆದಿರಲಿಲ್ಲ. ಆದ್ದರಿಂದ ತಿಂಗಳು ತಿಂಗಳೂ ಸಭೆ ಒಂದೇ ರೀತಿ ನಡೆಯುತ್ತಿತ್ತು. ಅಧ್ಯಕ್ಷರು ನಡಾವಳಿ ಎಲ್ಲಿ ಎನ್ನುವರು, ಇವರು ಬರೀತಾ ಇದ್ದೀನಿ ಸಾರ್ ಎನ್ನುವರು, ಸಭೆ ಮುಂದಕ್ಕೆ ಹೋಯಿತೆಂದು ಅಧ್ಯಕ್ಷರು ಸಾರುವರು. ಮುಂದಕ್ಕೆ ಹೋದ ಸಭೆ ಆಮೇಲೆ ಎರಡು ಗಂಟೆ ಅಲ್ಲೇ ನಡೆಯುತ್ತಿತ್ತು.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಒಬ್ಬರನ್ನು ಬಿಟ್ಟು. ಅವರು ಕಾರ್ಯದರ್ಶಿಗಳ ಅತ್ತೆ.

ಅತ್ತೆ ಎಂಟು ತಿಂಗಳ ಹಿಂದೆ ಮಗಳ ಮನೆಗೆಂದು ಬಂದಿಳಿದರು. ಲಿಫ್ಟು ಅವರನ್ನು ನಾಲ್ಕನೆಯ ಅಂತಸ್ತಿಗೆ ಮುಟ್ಟಿಸಿತು, ಖಾಲಿಯಾಗಿ ಕೆಳಗಿಳಿಯಿತು, ನಿಂತಿತು. ಮತ್ತೆ ಕದಲಲಿಲ್ಲ. ಅತ್ತೆಯ ಮೊಣಕಾಲಿಗೆ ಮೆಟ್ಟಿಲಿನ ಮಾತೇ ಇಲ್ಲ. ಊರುಗೋಲಿನ ತುದಿಯ ರಬ್ಬರು ಕೂಡ ಬಂದ ದಿನವೇ ಎಲ್ಲೋ ಬಿದ್ದುಹೋಗಿ, ಅವರು ನಡೆದರೆ ಟಕ್ ಟಕ್ ಎಂದು ಕೆಳಗಿನ ಮನೆಯ ಮೇಷ್ಟ್ರ ನೆತ್ತಿಯ ಮೇಲೆ ಮೊಳೆ ಹೊಡೆದಂತಾಗುತ್ತಿತ್ತು. ಹುಟ್ಟಿದಾರಭ್ಯ ಬೆಳಗ್ಗೆ ಎದ್ದು ಮಣ್ಣು ತುಳಿದ ಕಾಲು ಅವರದು. ಈಗ ಅವರಿಗೆ ಉಳಿದದ್ದು ಬಾಲ್ಕನಿ. ಅಲ್ಲಿಂದ ಬಗ್ಗಿ ನೋಡಿದರೆ ಹೋಗುವವರ, ಬರುವವರ ನೆತ್ತಿ ಕಾಣುತ್ತಿತ್ತು. ಯಾವ ನೆತ್ತಿ ಯಾರದೆಂದು ಮಗಳನ್ನು ಕೇಳಿ ಕೇಳಿ, ಇಡೀ ಕಟ್ಟಡದವರನ್ನು ಅವರು ನೆತ್ತಿಯಿಂದಲೇ ಬಲ್ಲವರಾಗಿದ್ದರು. ಮುಖ ಒಂದನ್ನೂ ಕಂಡಿರಲಿಲ್ಲ. ಕಟ್ಟಡದವರೂ ಅವರನ್ನು ಕಂಡಿರಲಿಲ್ಲ. ಗೇಟಿನಿಂದ ಬರುವಾಗ ತಲೆ ಎತ್ತಿ ನೋಡುವ ಅಭ್ಯಾಸ ಮನುಷ್ಯರಿಗೆ ಕಡಿಮೆ.

ಪ್ರತಿ ಸಭೆಯ ಹಿಂದಿನ ದಿನ ಅತ್ತೆ ಅಳಿಯನನ್ನು ಕೇಳುವರು, ಈ ಸಲವಾದರೂ ಲಿಫ್ಟಿನ ಮಾತು ಬರುತ್ತದೆಯೇ ಎಂದು. ಮುಂದಿನ ಸಭೆಯಲ್ಲಿ ಖಂಡಿತ ಎಂದು ಇವರು ಹೇಳುವರು. ಎಂಟನೆಯ ಸಲ ಕೇಳಿದಾಗ ಅತ್ತೆ ನಗುತ್ತಲೇ ಅಂದರು:

"ನಿಧಾನವಾಗಿ ಆಗಲಿ ಅಳಿಯಂದಿರೇ. ನಿಮ್ಮ ಸಭೆ ಮುಗಿಯೋದ್ರೊಳಗೆ ನನ್ನನ್ನ ಕೆಳಗಿಳಿಸೋಕೆ ಲಿಫ್ಟೇ ಬೇಕಾಗಲ್ಲ. ನಾಲ್ಕು ಜನ ಹೆಗಲು ಕೊಟ್ರೆ ಸಾಕು."

ಕಾರ್ಯದರ್ಶಿಗಳು ಊಟದ ತಟ್ಟೆ ಸರಿಸಿ ಎದ್ದರು. ಹೇಗಾದರೂ ಮಾಡಿ ನಡಾವಳಿ ತಯಾರಾಗಲೇಬೇಕೆಂದು ಶಪಥ ಮಾಡಿದರು. ಬರೆಯುತ್ತೇನೆಂದು ಮಾತ್ರ ಶಪಥ ಮಾಡಲಿಲ್ಲ.

ಅಂದು ಭಾನುವಾರ, ಅಂದೇ ಅವರು ಎರಡು ಗಂಟೆಯ ತರಬೇತಿಗೆ ಹೋಗಿಬಂದರು. ಒಂದಕ್ಷರ ಕೋಡ್ ಕಲಿಯದೆ ಯಂತ್ರಗಳಿಗೆ ಕೆಲಸ ಹಚ್ಚುವ ವಿದ್ಯೆ. ಪರದೆಯ ಮೇಲೆ ಡಬ್ಬಿಗಳಿರುತ್ತವೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಮುಗಿಯಿತು, ಮೊದಲನೆಯದು ಹೇಳಿದ್ದನ್ನು ಎರಡನೆಯದು ಮಾಡುತ್ತದೆ. ಹೋಗುವಾಗ ಅಂಗಡಿಯ ನೌಕರರಾಗಿದ್ದವರು ಬರುವಾಗ ವಿಜ್ಞಾನಿಯಾಗಿ ಬಂದರು. ಹೆಂಡತಿಯನ್ನು ಕೂರಿಸಿಕೊಂಡು ವಿವರಿಸಿದರು. ಹಳೆಯ ಫೋನು ಸಭೆಯ ಮಾತನ್ನು ಕೇಳಿಸಿಕೊಳ್ಳುವುದು ಒಂದನೆಯ ಡಬ್ಬಿ. ಮಾತನ್ನು ಅಕ್ಷರ ಮಾಡುವುದು ಎರಡನೆಯ ಡಬ್ಬಿ. ಆ ಅಕ್ಷರವನ್ನು ಜಗಲಿಗೆ ಹಾಕುವುದು ಮೂರನೆಯ ಡಬ್ಬಿ. ಜಗಲಿಯೆಂದರೆ ಅಂತರ್ಜಾಲದಲ್ಲಿ ಕಟ್ಟಡದವರು ಮಾಡಿಕೊಂಡಿದ್ದ ಚರ್ಚೆಯ ತಾಣ. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುವವರೆಲ್ಲ ಅಲ್ಲಿ ಪುಟಗಟ್ಟಲೆ ಮಾತಾಡುತ್ತಿದ್ದರು.

"ನಾನು ಮಲಗಿದ್ದಾಗಲೂ ಕೆಲಸ ನಡೀತಾ ಇರುತ್ತೆ ಕಣೇ" ಎಂದರು ಕಾರ್ಯದರ್ಶಿಗಳು.

"ನೀವು ಮಲಗಿದ್ದಾಗ ಮನೇಲಿ ಕೆಲಸ ಯಾವತ್ತು ನಿಂತಿದೆ ರೀ?" ಎಂದು ಹೆಂಡತಿ ಪಾತ್ರೆ ತೊಳೆಯಲು ಎದ್ದರು.

ಡಬ್ಬಿಗಳು ಕೆಲವು ಪ್ರಶ್ನೆ ಕೇಳಿದವು. ಧ್ವನಿ ಹಿಡಿಯಲು ಗುಂಡಿ ಒತ್ತುತ್ತೀರೋ, ಅಥವಾ ಸದ್ದಾದಾಗ ತಾನೇ ಶುರುವಾಗಿ ಸದ್ದಡಗಿದಾಗ ತಾನೇ ನಿಲ್ಲಬೇಕೋ? ಗುಂಡಿ ಒತ್ತುವುದೂ ಒಂದು ಕೆಲಸವೇ. ತಾನೇ ಆಗಲಿ ಎಂದರು. ಜಗಲಿಯಲ್ಲಿ ಯಾವ ನಿವಾಸಿಯ ಹೆಸರಿನಲ್ಲಿ ಹಾಕಬೇಕು? ಅಲ್ಲಿ ಎಲ್ಲರಿಗೂ ಮನೆಯ ನಂಬರೇ ಹೆಸರು. ತಮ್ಮ ಹದಿನಾರಕ್ಕೆ ಗುಪ್ತಪದ ಏನು ಕೊಟ್ಟಿದ್ದೆವೆಂಬುದು ಅವರಿಗೆ ಮರೆತೇಹೋಗಿತ್ತು. ಒಂದರಿಂದ ಹದಿನೈದು ಬೇರೆಯವರದು. ಸರಿ, 'ನಿವಾಸಿ ಹದಿನೇಳು' ಎಂದು ಒತ್ತಿದರು. ಹೊಸ ಬರಹ ಬಂದಾಗ ನಿಮಗೆ ತಿಳಿಸಬೇಕೇ? ಬೇಡ ಎಂದರು. ಅಡಿಗೆಗೆ ಆಳಿಟ್ಟ ಮೇಲೆ ಒಲೆ ಯಾರು ನೋಡುತ್ತಾರೆ?

ಮರುದಿನ ಸಭೆಯಲ್ಲಿ ಹಳೆಯ ಫೋನನ್ನು ಮೇಜಿನ ಮೇಲೆ ಕರವಸ್ತ್ರದ ಕೆಳಗಿಟ್ಟರು. ಸಭೆ ಎಂದಿನಂತೆ ಎರಡು ನಿಮಿಷದಲ್ಲಿ ಮುಂದಕ್ಕೆ ಹೋಗಿ ಎರಡು ಗಂಟೆ ನಡೆಯಿತು. ಮನೆಗೆ ಬಂದು ನೋಡಿದರೆ ಜಗಲಿಯಲ್ಲಿ ಅದಷ್ಟೂ ಅಕ್ಷರವಾಗಿ ಬಿದ್ದಿತ್ತು. ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯಲಿಲ್ಲ. ಯಾರು ಯಾವುದನ್ನು ಆಡಿದರೆಂದು ಮಾತ್ರ ಅದು ಹೇಳಿರಲಿಲ್ಲ. ಅದೇ ಒಳ್ಳೆಯದಾಯಿತು. ಒಳ್ಳೆಯ ಮಾತನ್ನೆಲ್ಲ ಹದಿನಾರು ಮನೆಯವರೂ ತಮ್ಮದೆಂದರು, ಕೆಟ್ಟದ್ದನ್ನೆಲ್ಲ ಎದುರುಮನೆಗೆ ಬಿಟ್ಟರು.

ಕಾರ್ಯದರ್ಶಿಗಳು ಮನಸ್ಸಿನಲ್ಲೇ ತಮ್ಮ ಬೆನ್ನು ತಾವೇ ತಟ್ಟಿಕೊಂಡು ಜಗಲಿಯನ್ನು ಮುಚ್ಚಿದರು. ಇನ್ನು ಅದನ್ನು ತೆರೆಯುವ ಪ್ರಮೇಯವೇ ಇಲ್ಲ, ಎಲ್ಲವೂ ತಾನೇ ನಡೆಯುತ್ತದೆ. ಫೋನನ್ನು ಮುಂದಿನ ಸಭೆಯವರೆಗೆ ಚಾರ್ಜಿಗೆ ಹಾಕಿಡಬೇಕೆಂದು ಸ್ವಿಚ್ಚು ಹುಡುಕಿದರು. ಫ್ರಿಜ್ಜಿನದು ಫ್ರಿಜ್ಜಿಗೆ, ಮಿಕ್ಸಿಯದು ಮಿಕ್ಸಿಗೆ. ಮನೆಯಲ್ಲಿ ಖಾಲಿಯಿದ್ದದ್ದು ಒಂದೇ, ಅತ್ತೆಯ ಕೋಣೆಯ ದೇವರ ಕಪಾಟಿನ ಪಕ್ಕದ್ದು. ಅಲ್ಲಿ ಸಿಕ್ಕಿಸಿ, ಕರವಸ್ತ್ರ ಮುಚ್ಚಿ, ಮರೆತರು.

ಅತ್ತೆಗೆ ಒಂದು ನೇಮವಿತ್ತು. ಬೆಳಗ್ಗೆ ಐದೂ ಮುಕ್ಕಾಲಿಗೆ ಎದ್ದು, ಕಪಾಟಿನ ಎದುರು ಕೂತು, ದೇವರ ಜೊತೆ ಮಾತಾಡುವುದು. ಮಂತ್ರ ಶ್ಲೋಕ ಅವರಿಗೆ ಬರುತ್ತಿರಲಿಲ್ಲ. ಮನೆಯ ಹಿರಿಯರ ಹತ್ತಿರ ಮಾತಾಡಿದ ಹಾಗೆ ಬಾಯಿಬಿಟ್ಟು ಆಡುವರು. ಕೇಳುವರು, ಗದರುವರು, ಕೊನೆಗೆ ಸಮಾಧಾನ ಮಾಡಿ ಕಳಿಸುವರು. ಆಮೇಲೆ ಬಾಲ್ಕನಿಗೆ ಹೋದರೆ ಹಗಲೆಲ್ಲ ಆ ಕೋಣೆಯಲ್ಲಿ ಮಾತಿನ ಸುಳಿವಿಲ್ಲ.

ಮರುದಿನ ಬೆಳಗ್ಗೆ ಹದಿನಾರು ಮನೆಯವರು ಹಲ್ಲುಜ್ಜುತ್ತ ಜಗಲಿ ತೆರೆದರೆ, ನಿವಾಸಿ ಹದಿನೇಳರ ಹೆಸರಿನಲ್ಲಿ ಹೀಗಿತ್ತು:

"ಎದ್ದೆಯೇನಪ್ಪ? ನಾನಂತೂ ಎದ್ದೆ. ನನ್ನನ್ನ ಇಷ್ಟು ಮೇಲೆ ತಂದು ಕೂರಿಸಿ ಇಳಿಸೋದನ್ನೇ ಮರೆತಿದ್ದೀಯ. ಇರಲಿ, ನಿನಗೂ ನೂರು ಕೆಲಸ, ನನ್ನದು ಆಮೇಲೆ ನೋಡು. ಮೊದಲು ಆ ಹಲ್ಲಿನ ಡಾಕ್ಟರಿಗೆ ಒಂದು ಒಳ್ಳೇ ಬುದ್ಧಿ ಕೊಡು. ಹಿಂದಲೇಲಿ ಎರಡು ಸುಳಿ ಇದೆ ನೋಡು, ಆತ. ಕಾವಲಿನವನು ದಿನಾ ಎದ್ದು ನಿಂತು ಕೈ ಮುಗೀತಾನೆ, ಆತ ತಲೇನೂ ಆಡಿಸಲ್ಲ. ಬೇರೆಯವರ ಹಲ್ಲು ನೋಡೀ ನೋಡೀ ತನ್ನ ಹಲ್ಲು ತೋರಿಸೋದೇ ಮರೆತಿದ್ದಾನೇನೋ."

ಎರಡನೆಯ ಅಂತಸ್ತಿನ ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತಮ್ಮ ಹಿಂದಲೆಯನ್ನು ಹೆಂಡತಿಗೆ ತೋರಿಸಿದರು. ಸುಳಿ ಎರಡಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಆಕೆ ಅದನ್ನು ಕಂಡಿರಲಿಲ್ಲ. ಅವತ್ತು ಡಾಕ್ಟರು ಗೇಟಿನಲ್ಲಿ ನಿಂತು ಕಾವಲುಗಾರನಿಗೆ ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕರು. ಕಾವಲುಗಾರ ಹೆದರಿ, ತನ್ನ ಕೆಲಸ ಹೋಯಿತೆಂದೇ ತಿಳಿದು ಬೀಗದಕೈ ಗೊಂಚಲನ್ನು ಅವರ ಕೈಗೆ ಕೊಡಲು ಹೋದ.

ಮಾರನೆಯ ಬೆಳಗ್ಗೆ ಇನ್ನೊಂದು ಬಂತು. ನಡುನೆತ್ತಿ ಬೋಳಾದ ಮೇಷ್ಟ್ರೊಬ್ಬರು ತಮ್ಮ ಸ್ಕೂಟರನ್ನು ದಿನಕ್ಕೊಂದು ಬೆರಳಿನಷ್ಟು ಪಕ್ಕದವರ ಜಾಗಕ್ಕೆ ತಳ್ಳಿ ನಿಲ್ಲಿಸುತ್ತಾರೆ, ಸಣ್ಣ ಆಸೆ ಅದು, ಬೈಯಬೇಡ, ಮರೆಸಿಬಿಡು ಸಾಕು ಎಂದು. ಬೋಳುನೆತ್ತಿಯವರು ಕಟ್ಟಡದಲ್ಲಿ ಮೂವರಿದ್ದರು. ಮೇಷ್ಟ್ರು ಸ್ಕೂಟರನ್ನು ಒಂದು ಗೇಣು ಹಿಂದಕ್ಕೆಳೆದರು. ಮೇಷ್ಟ್ರಲ್ಲದ ಎರಡನೆಯವರೂ ತಮಗೇಕೆ ಅಪವಾದವೆಂದು ಎಳೆದರು. ಸ್ಕೂಟರೇ ಇಲ್ಲದ ಮೂರನೆಯವರು ಬಾಗಿಲ ಹೊರಗಿದ್ದ ಹೂಕುಂಡವನ್ನು ಒಳಗೆಳೆದುಕೊಂಡರು.

ವಾರ ಕಳೆಯುವಷ್ಟರಲ್ಲಿ ಕಟ್ಟಡದಲ್ಲಿ ಬರಿತಲೆಯವರು ಕಾಣದಾದರು. ಟೋಪಿ, ಶಾಲು, ಪತ್ರಿಕೆ, ಏನೂ ಸಿಗದವರು ಕೈಚೀಲ ತಲೆಯ ಮೇಲಿಟ್ಟುಕೊಂಡು ಗೇಟು ದಾಟುತ್ತಿದ್ದರು. ಯಾರೀ ಹದಿನೇಳರವರು? ಇರುವುದೇ ಹದಿನಾರು ಮನೆ. ಇವರಿಗೆ ಎಲ್ಲವೂ ಮೇಲಿನಿಂದ ಕಾಣುತ್ತದೆ, ಮೇಲೆ ತಂದು ಕೂರಿಸಿದ್ದಾರೆಂದು ಬೇರೆ ಬರೆಯುತ್ತಾರೆ. ಹೆಸರಿಲ್ಲ, ಆಸೆಯಿಲ್ಲ, ಬೈದರೂ ಕೊನೆಗೆ ಒಳ್ಳೆಯದನ್ನೇ ಕೋರುತ್ತಾರೆ. ಯಾರೋ ಮಹಾನುಭಾವರು ಎಂದು ಒಂದು ಗುಂಪು, ಯಾರೋ ಗೂಢಚಾರರು ಎಂದು ಇನ್ನೊಂದು. ಎರಡು ಗುಂಪಿನವರೂ ಬೆಳಗ್ಗೆ ಐದೂ ಮುಕ್ಕಾಲಿಗೆ ಎದ್ದು ಕೂರುತ್ತಿದ್ದರು.

ಇಷ್ಟೆಲ್ಲ ನಡೆಯುವಾಗ ಕಾರ್ಯದರ್ಶಿಗಳು ಪರಮಸುಖಿಗಳಾಗಿದ್ದರು. ಮೆಟ್ಟಿಲಲ್ಲಿ ಹಲ್ಲಿನ ಡಾಕ್ಟರು ಅವರನ್ನು ತಡೆದು, ಹದಿನೇಳರ ಬರಹದಿಂದ ತಮ್ಮ ಕಣ್ಣು ತೆರೆಯಿತೆಂದರು. ತಮ್ಮ ನಡಾವಳಿಯ ಹೊಗಳಿಕೆ ಇದು ಎಂದು ಕಾರ್ಯದರ್ಶಿಗಳು ಅರಳಿದರು.

"ಅದರಲ್ಲಿ ನನ್ನದೇನೂ ಇಲ್ಲ ಡಾಕ್ಟ್ರೇ. ನಾನು ಬರೀ ದಾರಿ ಮಾಡಿಕೊಟ್ಟೆ, ಅಷ್ಟೇ."

"ಹಾಗಾದ್ರೆ ಅವರು ನಿಮಗೆ ಗೊತ್ತು?"

"ಅವರು ಇವರು ಅಂತ ಏನಿಲ್ಲ ಸಾರ್. ತಾನೇ ಕೇಳುತ್ತೆ, ತಾನೇ ಬರೆಯುತ್ತೆ. ನಾವು ಸುಮ್ಮನಿದ್ರೆ ಆಯ್ತು."

ಡಾಕ್ಟರು ಒಂದು ಮೆಟ್ಟಿಲು ಕೆಳಗಿಳಿದು ನಿಂತು ಕೈ ಮುಗಿದರು. ವಿಜ್ಞಾನಕ್ಕೆ ಇಷ್ಟು ಮರ್ಯಾದೆ ಕೊಡುವವರು ಇನ್ನೂ ಇದ್ದಾರಲ್ಲ ಎಂದು ಕಾರ್ಯದರ್ಶಿಗಳೂ ಕೈ ಮುಗಿದರು.

ಹದಿನೈದನೆಯ ದಿನದ ಬರಹ ಅಧ್ಯಕ್ಷರಿಗೆ ನಾಟಿತು. ಅವತ್ತು ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ ದೇವರ ಮೇಲೆ ಸ್ವಲ್ಪ ಮುನಿಸಿತ್ತು.

"ಎಲ್ಲರಿಗಿಂತ ದೊಡ್ಡೋನು ಅಂತ ಹೆಸರು ನಿನಗೆ. ಕೂತಲ್ಲಿಂದ ಎದ್ದಿದ್ದನ್ನ ಯಾರಾದ್ರೂ ನೋಡಿದ್ದಾರಾ? ಎಷ್ಟು ಸಲ ಕೇಳಿದ್ರೂ ಆಗಲಿ ಅನ್ನಲ್ಲ, ಆಗಲ್ಲ ಅನ್ನಲ್ಲ. ಹೊಗಳೋರು ಬಂದ್ರೆ ಮಾತ್ರ ಕಿವಿ ಕೇಳುತ್ತಾ?"

ದೇವರಿಗೆಂದು ಆಡಿದ ಮಾತನ್ನು ಓದಿ, ಇದು ತಮಗೇ ಎಂದು ತಿಳಿಯಲು ಅಧ್ಯಕ್ಷರಾಗಿದ್ದವರಿಗೆ ಮಾತ್ರ ಸಾಧ್ಯ. ಅವರು ಒಂದು ಹೊತ್ತು ಊಟ ಬಿಟ್ಟರು. ಆಮೇಲೆ ಟೇಪು ತೆಗೆದರು. ಇಡೀ ಕಟ್ಟಡವನ್ನು ಹೊರಗಿನಿಂದ ಅಳೆದರು. ನೆಲದ ಮಟ್ಟದ ನಾಲ್ಕು ಮನೆಯ ಕೋಣೆಗಳನ್ನು ಒಳಗಿನಿಂದ ಅಳೆದು ಕೂಡಿದರು. ಹೊರಗಿನ ಅಳತೆ ಒಂಬತ್ತು ಅಡಿ ಹೆಚ್ಚಿತ್ತು. ಜೀವಮಾನವೆಲ್ಲ ಬಯಲನ್ನೇ ಅಳೆದವರಿಗೆ ಗೋಡೆಗೂ ದಪ್ಪವಿರುತ್ತದೆಂಬುದು ಹೊಳೆಯಲಿಲ್ಲ. ಆ ಒಂಬತ್ತು ಅಡಿಯಲ್ಲಿ ಯಾರೋ ಗುಟ್ಟಾಗಿ ಸಂಸಾರ ಹೂಡಿದ್ದಾರೆಂದು ತೀರ್ಮಾನಿಸಿ, ಸಂಘಕ್ಕೆ ತಿಳಿಯದೆ ಹದಿನೇಳನೆಯ ಮನೆಯೊಂದು ಎದ್ದಿದೆ, ಸೂಕ್ತ ಕ್ರಮ ಕೈಗೊಳ್ಳಬೇಕು ಎಂದು ಮನೆಗಳಿಗೆ ನಂಬರು ಕೊಡುವ ಕಚೇರಿಗೆ ದೂರು ಬರೆದರು.

ಕಚೇರಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಕ್ರಮ ಬೇಗ ಬಂತು. ಮುಂದಿನ ಸಭೆಯ ದಿನವೇ ನೌಕರನೊಬ್ಬ ಬಂದ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ನೀಲಿ ತಗಡು. ತಗಡಿನ ಮೇಲೆ ಬಿಳಿಯ ಅಕ್ಷರದಲ್ಲಿ 'ಹದಿನೇಳು'.

"ಇಲ್ಲದ ಮನೆಗೆ ಯಾಕಯ್ಯ ನಂಬರು?" ಎಂದರು ಅಧ್ಯಕ್ಷರು.

"ಇದೆ ಅಂತ ನೀವೇ ಬರೆದಿದ್ದೀರಲ್ಲ ಸ್ವಾಮಿ. ಮನೆ ಇದ್ದ ಮೇಲೆ ತಗಡು ಹೊಡೀಬೇಕು."

"ಎಲ್ಲಿದೆ ಅಂತ ನಮಗೇ ಗೊತ್ತಿಲ್ಲ."

"ಹುಡುಕಿ ಇಟ್ಟಿರಿ. ನಾನು ಕೂತಿರ್ತೀನಿ. ಹೊಡೆದು ಬರೋಕೆ ಹೇಳಿದ್ದಾರೆ, ವಾಪಸು ತರೋಕೆ ನಮ್ಮಲ್ಲಿ ಫಾರಮ್ಮೇ ಇಲ್ಲ." ಹೀಗೆಂದು ಸಭೆಯ ಹಿಂದಿನ ಸಾಲಿನಲ್ಲಿ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಅವತ್ತಿನಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಎಲ್ಲರ ತಲೆಯ ಮೇಲೂ ಟೋಪಿ. ಇಂದು ಹದಿನೇಳರವರ ಗುಟ್ಟು ಬಯಲಾಗಬೇಕೆಂದು ಒಬ್ಬರು, ಅವರನ್ನು ಗೌರವ ಅಧ್ಯಕ್ಷರನ್ನಾಗಿ ಮಾಡಬೇಕೆಂದು ಇನ್ನೊಬ್ಬರು ಎದ್ದರು. ಅಧ್ಯಕ್ಷರು ಮೇಜು ಕುಟ್ಟಿ ಎಲ್ಲರನ್ನೂ ಕೂರಿಸಿ, ನಿಯಮ ನಿಯಮವೇ, ಮೊದಲು ಹಿಂದಿನ ಸಭೆಯ ನಡಾವಳಿ ಎಂದರು. ಅದು ಇರುವುದಿಲ್ಲ, ಸಭೆ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಗೋಡೆ ಒಡೆಸಿ ನೋಡಬಹುದು ಎಂಬುದು ಅವರ ಲೆಕ್ಕ.

ಕಾರ್ಯದರ್ಶಿಗಳು ಎದ್ದು ನಿಂತರು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಎದೆ ಮುಂದಿತ್ತು. "ಇದೆ ಸಾರ್" ಎಂದು ಒಂದು ಕಟ್ಟು ಕಾಗದ ಎತ್ತಿ ತೋರಿಸಿದರು. ನಿವಾಸಿ ಹದಿನೇಳರ ಹೆಸರಿನಲ್ಲಿ ಇರುವುದನ್ನೆಲ್ಲ ತೆಗೆದುಕೊಡು ಎಂದು ಮುದ್ರಣದ ಅಂಗಡಿಯವನಿಗೆ ಹೇಳಿ ಆಗಷ್ಟೇ ತಂದಿದ್ದರು. ಓದಿ ನೋಡಿರಲಿಲ್ಲ, ಓದುವುದೂ ಒಂದು ಕೆಲಸವೇ.

ಹೊಸದು ಮೇಲೆ, ಹಳೆಯದು ಕೆಳಗೆ ಎಂಬುದು ಜಗಲಿಯ ಕ್ರಮ. ಆದ್ದರಿಂದ ಎಲ್ಲಕ್ಕಿಂತ ಮೇಲಿದ್ದದ್ದು ಅದೇ ದಿನ ಬೆಳಗ್ಗಿನದು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದತೊಡಗಿದರು.

"ಇವತ್ತು ಸಭೆ ಅಂತಪ್ಪ. ನನಗೇನೂ ಆಸೆ ಇಲ್ಲ. ನಮ್ಮ ಅಳಿಯಂದಿರು ಒಳ್ಳೆಯವರು. ಕೈಯಲ್ಲಿ ಕಸುಬಿದೆ, ಬಾಯಲ್ಲಿ ಕೆಟ್ಟ ಮಾತಿಲ್ಲ. ನಾಲ್ಕು ಸಾಲು ಬರೆಯೋಕೆ ಮಾತ್ರ ಸೋಮಾರಿ. ಅವರು ಬರೆಯಲಿಲ್ಲ ಅಂತ..."

ಇಲ್ಲಿ ಅವರ ದನಿ ಸ್ವಲ್ಪ ಇಳಿಯಿತು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಓದಿ, ಓದಿ ಎಂದು ಸಭೆ ಕೂಗಿತು. ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿ ಕೂತಿದ್ದರು. ಬೇರೆ ದಾರಿಯಿಲ್ಲದೆ ಕಾರ್ಯದರ್ಶಿಗಳು ಮುಂದೆ ಓದಿದರು.

"ಅವರು ಬರೆಯಲಿಲ್ಲ ಅಂತ ಸಭೆ ನಡೆಯಲಿಲ್ಲ, ಸಭೆ ನಡೆಯಲಿಲ್ಲ ಅಂತ ಲಿಫ್ಟು ನಡೆಯಲಿಲ್ಲ, ಲಿಫ್ಟು ನಡೆಯಲಿಲ್ಲ ಅಂತ ನಾನು ಒಂಬತ್ತು ತಿಂಗಳಾಯ್ತು ಮಣ್ಣು ತುಳಿದು. ಅಳಿಯಂದಿರ ಮನಸ್ಸು ನೋಯಬಾರದು ಅಂತ ನಾನು ನಕ್ಕುಬಿಡ್ತೀನಿ. ನಿನಗೆ ಮಾತ್ರ ಹೇಳ್ತಾ ಇದ್ದೀನಿ, ನನಗೆ ಅಳು ಬರುತ್ತೆ. ಆ ಮರದ ಕೆಳಗಿನ ಬೆಂಚಿನ ಮೇಲೆ ಒಂದು ಬೆಳಗ್ಗೆ ಕೂರಿಸು. ಆಮೇಲೆ ಯಾವಾಗ ಕರೆದರೂ ಬರ್ತೀನಿ."

ಕಾರ್ಯದರ್ಶಿಗಳು ಕಾಗದ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಹಿಂದಿನ ಸಾಲಿನ ನೌಕರನೇ ಕೇಳಿದ, ಹಾಗಾದರೆ ಹದಿನೇಳನೆಯ ಮನೆ ಎಲ್ಲಿದೆ ಎಂದು.

"ನಮ್ಮ ಮನೆ ಒಳಗೇ ಇದೆ" ಎಂದರು ಕಾರ್ಯದರ್ಶಿಗಳು. "ಕಪಾಟಿನ ಪಕ್ಕದ ಸ್ವಿಚ್ಚಿನ ಹತ್ತಿರ. ಅವರು ನಮ್ಮ ಅತ್ತೆ." ಆಮೇಲೆ ಮೂರು ಡಬ್ಬಿಗಳ ಕಥೆಯನ್ನೂ, ಕರವಸ್ತ್ರದ ಕಥೆಯನ್ನೂ ಹೇಳಿದರು. ಹೇಳುವಾಗ ಅದು ವಿಜ್ಞಾನದಂತೆ ಕೇಳಿಸಲಿಲ್ಲ.

ಅಧ್ಯಕ್ಷರು ಚೇತರಿಸಿಕೊಂಡು, ಅಂಥವರು ಸಭೆಗೆ ಖುದ್ದಾಗಿ ಬಂದು ವಿವರಣೆ ಕೊಡಬೇಕೆಂದರು.

"ಇಳಿಯೋಕೆ ಆಗಲ್ಲ ಸಾರ್. ಲಿಫ್ಟ್ ಇಲ್ಲ."

"ಲಿಫ್ಟ್ ವಿಷಯ ಇಷ್ಟು ದಿನ ಸಭೆಗೆ ಯಾಕೆ ಬರಲಿಲ್ಲ ಮತ್ತೆ?"

ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಕಾರ್ಯದರ್ಶಿಗಳನ್ನು ನೋಡಿದರು. ಕಾರ್ಯದರ್ಶಿಗಳು ಚಪ್ಪಲಿಯ ಪಟ್ಟಿ ನೋಡಿದರು.

"ಅವರು ಬರೋಕಾಗದಿದ್ರೆ ಸಭೇನೇ ಅವರ ಹತ್ತಿರ ಹೋಗಲಿ" ಎಂದರು ಹಲ್ಲಿನ ಡಾಕ್ಟರು, ಮತ್ತು ಎದ್ದು ನಡೆದೇಬಿಟ್ಟರು.

ಹೀಗೆ ನಿವಾಸಿಗಳ ಸಂಘ ಮೆಟ್ಟಿಲು ಹತ್ತಿತು. ಅಧ್ಯಕ್ಷರು ಆ ಕಟ್ಟಡಕ್ಕೆ ಬಂದಂದಿನಿಂದ ಒಂದು ಮೆಟ್ಟಿಲನ್ನೂ ಹತ್ತಿದವರಲ್ಲ. ಎರಡನೆಯ ಅಂತಸ್ತಿನಲ್ಲಿ ಅವರು ನಿಂತು ಟೇಪು ತೆಗೆದು ಒಂದು ಮೆಟ್ಟಿಲಿನ ಎತ್ತರ ಅಳೆದರು, ಏಳೂವರೆ ಇಂಚು. ಮೂರನೆಯದರಲ್ಲಿ ಇನ್ನೊಂದನ್ನು ಅಳೆದರು, ಅದೂ ಏಳೂವರೆ. ನಾಲ್ಕನೆಯದಕ್ಕೆ ಇನ್ನು ಆರು ಮೆಟ್ಟಿಲು ಇರುವಾಗ ಟೇಪನ್ನು ಮೇಷ್ಟ್ರ ಕೈಗೆ ಕೊಟ್ಟು ಅಲ್ಲೇ ಕೂತರು. ತಗಡಿನ ನೌಕರ ಒಂದು ತೋಳು, ಕಾರ್ಯದರ್ಶಿಗಳು ಒಂದು ತೋಳು ಹಿಡಿದು ಅವರನ್ನು ಮೇಲೆತ್ತಿಕೊಂಡು ಹೋದರು.

ಅತ್ತೆ ಬಾಗಿಲಲ್ಲಿ ಇಷ್ಟೊಂದು ಟೋಪಿಗಳನ್ನು ಕಂಡು ಗಾಬರಿಯಾಗಲಿಲ್ಲ. ಮಗಳಿಗೆ ನೀರು ತರಲು ಹೇಳಿದರು, ಮೊದಲು ಆ ಏದುಸಿರಿನವರಿಗೆ ಕೊಡು ಎಂದರು. ಅಳಿಯ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಒಪ್ಪಿಸಿದರು. ಅತ್ತೆಗೆ ಕೋಪ ಬರುತ್ತದೆಂದು ಎಲ್ಲರೂ ಕಾದರು.

"ಹಾಗಾದ್ರೆ ನಾನು ಅವನಿಗೆ ಹೇಳಿದ್ದೆಲ್ಲ ನಿಮಗೆ ಬಂದು ಮುಟ್ಟಿತು ಅನ್ನಿ" ಎಂದರು ಅತ್ತೆ. "ತಪ್ಪೇನಿಲ್ಲ. ನಮ್ಮ ಯಜಮಾನರೂ ಕಚೇರೀಲಿ ಇದ್ದವರೇ. ದೊಡ್ಡೋರಿಗೆ ಅರ್ಜಿ ಕೊಟ್ರೆ, ಅವರು ಅದನ್ನ ಕೆಳಗಿನ ಸಂಬಂಧಪಟ್ಟೋರಿಗೇ ಕಳಿಸೋದು."

ನೀರು ಕುಡಿದು ದನಿ ಬಂದ ಮೇಲೆ ಅಧ್ಯಕ್ಷರು ತಗ್ಗಿದ ದನಿಯಲ್ಲಿ ಕೇಳಿದರು, ಕೂತಲ್ಲಿಂದ ಏಳುವುದಿಲ್ಲ ಎಂದದ್ದು ತಮಗೋ ಎಂದು.

"ನಿಮಗ್ಯಾಕಣ್ಣ ಹೇಳಲಿ? ನೀವು ಯಾರು ಅಂತಲೇ ನನಗೆ ಗೊತ್ತಿಲ್ಲ. ಅದು ದೇವರಿಗೆ."

ಅಧ್ಯಕ್ಷರಿಗೆ ಸಮಾಧಾನವಾಯಿತು, ಸ್ವಲ್ಪ ಬೇಸರವೂ ಆಯಿತು. ಇಷ್ಟು ದಿನ ಹೊತ್ತ ಬೈಗುಳ ತಮ್ಮದಲ್ಲವೆಂದರೆ ಯಾರಿಗಾದರೂ ಹಾಗೆಯೇ. ಆಮೇಲೆ ಅವರು ಹೊಸ್ತಿಲ ಮೇಲೆ ಕೂತಂತೆಯೇ ಸಭೆ ಮುಂದುವರಿದಿದೆ ಎಂದರು. ನಡಾವಳಿ ಓದಲಾಯಿತು, ಒಪ್ಪಲಾಯಿತು, ಲಿಫ್ಟಿನ ಮಾತು ಎತ್ತಲಾಯಿತು. ಇಳಿಯಬೇಕಾಗಿದ್ದ ಮೆಟ್ಟಿಲುಗಳನ್ನು ಅವರು ಒಮ್ಮೆ ಬಗ್ಗಿ ನೋಡಿ, ನಾಳೆಯೇ ಮೆಕ್ಯಾನಿಕ್ ಬರಲಿ ಎಂದರು.

ಮೆಕ್ಯಾನಿಕ್ ಬಂದ. ಒಂಬತ್ತು ತಿಂಗಳಿಂದ ನಿಂತ ಲಿಫ್ಟಿನ ಮುಂದೆ ಮಂಡಿಯೂರಿ, ಬಾಗಿಲು ಜಾರುವ ಸಂದಿಯೊಳಕ್ಕೆ ಸ್ಕ್ರೂಡ್ರೈವರ್ ಹಾಕಿ ಒಂದು ಕಪ್ಪು ಚೂರನ್ನು ಎಬ್ಬಿಸಿದ. ಇದು ಸಿಕ್ಕಿಕೊಂಡು ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಬಾಗಿಲು ಮುಚ್ಚದೆ ಲಿಫ್ಟು ಏಳುವುದಿಲ್ಲ, ಮೂರು ನಿಮಿಷದ ಕೆಲಸ ಎಂದ. ಮೇಲೆ ತಂದು ತೋರಿಸಿದಾಗ ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಸದ್ದಿಲ್ಲದೆ ತಮ್ಮ ಊರುಗೋಲಿನ ತುದಿಗೆ ಸಿಕ್ಕಿಸಿಕೊಂಡರು. ಸರಿಯಾಗಿ ಕೂತಿತು. ಕೆಳಗಿನ ಮನೆಯ ಮೇಷ್ಟ್ರು ಅವತ್ತು ಮಧ್ಯಾಹ್ನ ಒಂಬತ್ತು ತಿಂಗಳ ನಿದ್ದೆ ಮಾಡಿದರು.

ಮಾರನೆಯ ಬೆಳಗ್ಗೆ ಅತ್ತೆ ಇಳಿದರು. ಹದಿನಾರು ಮನೆಯವರೂ ಲಿಫ್ಟಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಅತ್ತೆ ಯಾರನ್ನೂ ನೋಡದೆ, ಮಗಳ ಕೈ ಹಿಡಿದು ನೇರವಾಗಿ ಮರದ ಕೆಳಗೆ ಹೋಗಿ, ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಮಣ್ಣಿನ ಮೇಲಿಟ್ಟು ಬೆಂಚಿನ ಮೇಲೆ ಕೂತರು. ಕಣ್ಣು ಮುಚ್ಚಿದರು. ಅವರ ತುಟಿ ಅಲುಗಿತು. ಏನು ಹೇಳಿದರೋ, ಅಲ್ಲಿ ಫೋನಿರಲಿಲ್ಲವಾದ್ದರಿಂದ ನಮಗೆ ತಿಳಿಯದು.

ತಗಡಿನ ನೌಕರ ಅಂದೂ ಬಂದಿದ್ದ. ಮನೆಯೊಳಗೆ ಮನೆಯಿದ್ದರೆ ಯಾವ ಬಾಗಿಲಿಗೆ ಹೊಡೆಯಬೇಕೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಬೆಂಚನ್ನು ನೋಡಿದ, ಕೂತವರ ಮುಖ ನೋಡಿದ, ಮರದ ಕಾಂಡಕ್ಕೆ ಮೊಳೆ ಹೊಡೆಯಲು ಮನಸ್ಸಾಗದೆ ನೀಲಿ ತಗಡನ್ನು ತಂತಿಯಲ್ಲಿ ಬೆಂಚಿನ ಬೆನ್ನಿಗೇ ಬಿಗಿದ. ಹದಿನೇಳನೆಯ ಮನೆ ಇಂದಿಗೂ ಅಲ್ಲೇ ಇದೆ. ಬಾಗಿಲಿಲ್ಲ, ಬೀಗವಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು.

ಇನ್ನು ಫೋನನ್ನು ಕಪಾಟಿನಿಂದ ತೆಗೆದುಬಿಡುತ್ತೇನೆಂದು ಅಳಿಯ ನಾಚಿಕೆಯಿಂದ ಹೇಳಿದರು.

"ಅಲ್ಲೇ ಇರಲಿ ಬಿಡಿ ಅಳಿಯಂದಿರೇ. ದೇವರಿಗೂ ನಿಮಗೂ ಬೇರೆ ಬೇರೆ ಹೇಳೋ ಕಷ್ಟ ತಪ್ಪುತ್ತೆ" ಎಂದರು ಅತ್ತೆ. ಆಮೇಲೆ ಸುತ್ತಲೂ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಮೊನ್ನೆ ಬಾಗಿಲಲ್ಲಿ ಕಂಡವೇ ಆದರೂ ಯಾವುದು ಯಾರದೆಂದು ಒಂದೂ ಗುರುತು ಸಿಗಲಿಲ್ಲ. "ಬೇಸರ ಮಾಡಿಕೋಬೇಡಿ, ಎಲ್ಲರೂ ಟೋಪಿ ತೆಗೆದು ಸ್ವಲ್ಪ ತಲೆ ಬಗ್ಗಿಸ್ತೀರಾ? ಯಾರು ಯಾರು ಅಂತ ತಿಳೀಲಿ" ಎಂದರು.

ಟೋಪಿಗಳು ಇಳಿದವು, ತಲೆಗಳು ಬಾಗಿದವು. ಓ ಎರಡು ಸುಳಿಯವರು, ಓ ಸ್ಕೂಟರಿನವರು ಎಂದು ಅತ್ತೆ ಎದ್ದು ಒಬ್ಬೊಬ್ಬರನ್ನೂ ಬಲು ದಿನದ ನೆಂಟರಂತೆ ಮಾತಾಡಿಸುತ್ತ ಬಂದು, ಎಲ್ಲರಿಗಿಂತ ಆಳವಾಗಿ ಬಾಗಿದ್ದ ಒಂದು ನೆತ್ತಿಯ ಮುಂದೆ ನಿಂತರು. ಅದು ಅಧ್ಯಕ್ಷರದು.

"ಇವರೇ ಅಲ್ಲವಾ ದಿನಾ ಅಂಗಳ ಅಳೆಯೋರು? ಅಳತೆ ಗೊತ್ತಿರೋರಿಗೆ ಎಷ್ಟು ಬರೀಬೇಕು, ಎಲ್ಲಿ ನಿಲ್ಲಿಸಬೇಕು ಅಂತಲೂ ಗೊತ್ತಿರುತ್ತೆ. ಇನ್ಮೇಲೆ ನಡಾವಳಿ ಇವರೇ ಬರೀಲಿ" ಎಂದರು.

ಹದಿನೈದು ಮನೆಯವರೂ ಬಾಗಿದ ತಲೆಯಲ್ಲೇ ಕೈ ಎತ್ತಿದರು. ಕಾರ್ಯದರ್ಶಿಗಳು ಎರಡೂ ಕೈ ಎತ್ತಿದರು. ಅಧ್ಯಕ್ಷರು ತಲೆ ಎತ್ತುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದರು.